ನಡುಗಡಲಿನಲ್ಲಿ ಇಂಜಿನು ನಿಂತರೆ



ನಮ್ಮ ಕಾಸರಗೋಡಿನ ಪಡುವಣ ಎಲ್ಲೆ ಅರಬ್ಬೀ ಸಮುದ್ರ. ಮಂಜೇಶ್ವರ, ಕುಂಬಳೆ, ಕಸಬಾ, ಬೇಕಲ, ಅಜಾನೂರು ತೀರಗಳಿಂದ ಮೀನುಗಾರರ ದೋಣಿಗಳು ಕಡಲಿಗಿಳಿಯುತ್ತವೆ. ನಿಮ್ಮಲ್ಲಿ ಕೆಲವರ ತಂದೆಯೋ ಮಾವನೋ ಅಣ್ಣನೋ ಆ ದೋಣಿಗಳಲ್ಲಿರುತ್ತಾರೆ. ಉಳಿದವರ ಊಟದ ಬಟ್ಟಲಿಗೆ ಬಂಗುಡೆ, ಬೂತಾಯಿ ಬರುವುದೂ ಅವರ ದುಡಿಮೆಯಿಂದಲೇ. ಆದುದರಿಂದ ಈ ಪಾಠ ಎಲ್ಲರಿಗೂ ಸಂಬಂಧಪಟ್ಟದ್ದು.

ರಸ್ತೆಯಲ್ಲಿ ಬಸ್ಸು ಕೆಟ್ಟರೆ ಪ್ರಯಾಣಿಕರು ಇಳಿದು ಮರದ ನೆರಳಿನಲ್ಲಿ ನಿಲ್ಲುತ್ತಾರೆ. ಬಸ್ಸು ನಿಂತಲ್ಲೇ ನಿಂತಿರುತ್ತದೆ. ಕಡಲಿನಲ್ಲಿ ಹಾಗಲ್ಲ. ಅಲ್ಲಿ ಇಂಜಿನು ನಿಂತರೂ ದೋಣಿ ನಿಲ್ಲುವುದಿಲ್ಲ. ಗಾಳಿ ಮತ್ತು ನೀರಿನ ಸೆಳೆತ ಅದನ್ನು ತಮ್ಮ ದಿಕ್ಕಿಗೆ ಎಳೆಯುತ್ತಲೇ ಇರುತ್ತವೆ. ಈ ಒಂದು ವ್ಯತ್ಯಾಸವನ್ನು ಅರಿತುಕೊಂಡರೆ ಮುಂದಿನ ಪಾಠವೆಲ್ಲ ತಾನಾಗಿ ಅರ್ಥವಾಗುತ್ತದೆ. ಮಾಡಬೇಕಾದ ಕೆಲಸಗಳು ಮೂರು: ಮೊದಲು ದೋಣಿಯನ್ನು ನಿಲ್ಲಿಸುವುದು, ಎರಡನೆಯದಾಗಿ ಸುದ್ದಿ ಕೊಡುವುದು, ಮೂರನೆಯದಾಗಿ ಇಂಜಿನನ್ನು ನೋಡುವುದು. ಈ ಕ್ರಮ ತಪ್ಪಬಾರದು.

ಇಂಜಿನು ಬಂದ ಬಗೆ

ಹಿಂದೆ ನಮ್ಮ ದೋಣಿಗಳು ಹುಟ್ಟು ಮತ್ತು ಹಾಯಿಯ ಬಲದಿಂದ ನಡೆಯುತ್ತಿದ್ದವು. ಕೆಡುವ ಯಂತ್ರವೇ ಇರಲಿಲ್ಲ. ಆದರೆ ಬಹಳ ದೂರ ಹೋಗುವಂತೆಯೂ ಇರಲಿಲ್ಲ. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆಗಳ ನಡುವೆ ಒಪ್ಪಂದವಾಗಿ, ಕೊಲ್ಲಂ ಬಳಿಯ ನೀಂಡಕರದಲ್ಲಿ ಯಾಂತ್ರಿಕ ಮೀನುಗಾರಿಕೆಯ ಯೋಜನೆ ಆರಂಭವಾಯಿತು. 1980ರ ದಶಕದಲ್ಲಿ ನಾಡದೋಣಿಗಳ ಹಿಂಬದಿಗೆ ಕಟ್ಟುವ ಹೊರ ಇಂಜಿನುಗಳು ಕೇರಳದ ಕರಾವಳಿಯುದ್ದಕ್ಕೂ ಹರಡಿದವು. ದೋಣಿ ಹೋಗುವ ದೂರ ಹೆಚ್ಚಿತು. ಜೊತೆಗೆ, ಕೆಟ್ಟಾಗ ಹಿಂದಿರುಗಬೇಕಾದ ದೂರವೂ ಹೆಚ್ಚಿತು. ಇಂಜಿನು ಬಂತೆಂದು ಹುಟ್ಟುಗಳನ್ನು ಮನೆಯಲ್ಲಿ ಬಿಟ್ಟು ಹೋಗುವುದು ಜಾಣತನವಲ್ಲ.

ಮೊದಲನೆಯ ಕೆಲಸ: ಲಂಗರು

ಒಂದು ಲೆಕ್ಕ ಮಾಡೋಣ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರು. ಇಂಜಿನು ಕೆಟ್ಟ ದೋಣಿಯೊಂದು ಗಂಟೆಗೆ ಒಂದೂವರೆ ನಾಟಿಕಲ್ ಮೈಲಿಯಂತೆ ತೇಲಿಹೋಗುತ್ತಿದೆ ಎಂದಿಟ್ಟುಕೊಳ್ಳಿ. ದೋಣಿಯವರು ನಾಲ್ಕು ಗಂಟೆ ಕಾಲ ಇಂಜಿನಿನ ಮೇಲೆಯೇ ಬಾಗಿ ದುರಸ್ತಿ ಮಾಡುತ್ತಾರೆ. ಅಷ್ಟರಲ್ಲಿ ದೋಣಿ 6 ನಾಟಿಕಲ್ ಮೈಲಿ, ಅಂದರೆ 11 ಕಿಲೋಮೀಟರಿಗೂ ಹೆಚ್ಚು ಸರಿದಿರುತ್ತದೆ. ಹುಡುಕುವವರು ಅದು ಮೊದಲಿದ್ದ ಜಾಗಕ್ಕೆ ಬಂದರೆ ಬರಿಯ ನೀರನ್ನೇ ಕಾಣುತ್ತಾರೆ.

ಆದುದರಿಂದ ಇಂಜಿನಿನ ಸದ್ದು ನಿಂತ ಕೂಡಲೇ ಲಂಗರು ಬೀಳಬೇಕು. ಹಗ್ಗ ನೀರಿನ ಆಳದಷ್ಟೇ ಇದ್ದರೆ ಸಾಲದು. ಹಗ್ಗ ಓರೆಯಾಗಿ ಎಳೆದಾಗ ಮಾತ್ರ ಲಂಗರು ತಳವನ್ನು ಕಚ್ಚುತ್ತದೆ. ಆಳದ ಐದರಷ್ಟಾದರೂ ಹಗ್ಗ ಬೇಕು. ಹತ್ತು ಮಾರು ನೀರಿಗೆ ಐವತ್ತು ಮಾರು ಹಗ್ಗ. ಲಂಗರು ತಳಕ್ಕೆ ಎಟುಕದಷ್ಟು ಆಳವಿದ್ದರೆ, ಬಲೆಯ ಒಂದು ಭಾಗವನ್ನೋ ಬುಟ್ಟಿಗಳನ್ನೋ ಗಟ್ಟಿಯಾಗಿ ಕಟ್ಟಿ ದೋಣಿಯ ಮೂತಿಯಿಂದ ನೀರಿಗೆ ಬಿಡಬೇಕು. ಆಗ ತೇಲುವ ವೇಗ ಕಡಿಮೆಯಾಗುತ್ತದೆ. ಮಾತ್ರವಲ್ಲ, ದೋಣಿಯ ಮೂತಿ ಅಲೆಗೆ ಎದುರಾಗಿ ನಿಲ್ಲುತ್ತದೆ. ಅಡ್ಡಲಾಗಿ ನಿಂತ ದೋಣಿಯನ್ನು ಅಲೆ ಮಗುಚಬಲ್ಲದು.

ಎರಡನೆಯ ಕೆಲಸ: ಸುದ್ದಿ

ಅನೇಕರು ‘ಇನ್ನೊಂದು ಸಲ ಪ್ರಯತ್ನಿಸೋಣ, ಆಮೇಲೆ ತಿಳಿಸೋಣ’ ಎನ್ನುತ್ತಾರೆ. ಅಷ್ಟರಲ್ಲಿ ಕತ್ತಲಾಗುತ್ತದೆ, ಫೋನಿನ ಬ್ಯಾಟರಿ ಮುಗಿಯುತ್ತದೆ. ಹಗಲಿನಲ್ಲಿಯೇ ಸುದ್ದಿ ಮುಟ್ಟಿಸಿ, ಆಮೇಲೆ ಇಂಜಿನು ಸರಿಯಾದರೆ ‘ಸರಿಯಾಯಿತು’ ಎಂದು ಇನ್ನೊಂದು ಮಾತು ಹೇಳಿದರೆ ಯಾರಿಗೂ ನಷ್ಟವಿಲ್ಲ.

ಕರಾವಳಿ ಕಾವಲು ಪಡೆ, ಅಂದರೆ ಕೋಸ್ಟ್ ಗಾರ್ಡಿನ ತುರ್ತು ಸಂಖ್ಯೆ 1554. ಕರಾವಳಿ ಪೊಲೀಸರದು 1093. ದಡದಿಂದ ದೂರ ಹೋದಂತೆ ಫೋನು ಕೆಲಸ ಮಾಡುವುದಿಲ್ಲ. ಆಗ ವಿ.ಎಚ್.ಎಫ್. ರೇಡಿಯೋ ಬೇಕು, ಅದರ 16ನೆಯ ಚಾನಲ್ಲು ಜಗತ್ತಿನಾದ್ಯಂತ ಸಂಕಟದ ಕರೆಗೆ ಮೀಸಲು. ಇಸ್ರೋ ಸಂಸ್ಥೆ ರೂಪಿಸಿದ, ಉಪಗ್ರಹದ ಮೂಲಕ ಸಂಕಟದ ಸೂಚನೆ ಕಳುಹಿಸುವ ಸಾಧನವೂ ಇದೆ. ಸೂಚನೆ ತಲುಪಿತೆಂಬ ಮರುತ್ತರ ದೋಣಿಗೇ ಬರುವ ಅದರ ಹೊಸ ಮಾದರಿ 2024ರಲ್ಲಿ ಬಂದಿದೆ. 2017ರ ನವೆಂಬರ್ ಕೊನೆಯಲ್ಲಿ ಎದ್ದ ಓಖಿ ಚಂಡಮಾರುತದಲ್ಲಿ ದೂರ ಹೋಗಿದ್ದ ಅನೇಕ ದೋಣಿಗಳಿಗೆ ಎಚ್ಚರಿಕೆ ಮುಟ್ಟಲಿಲ್ಲ. ದಕ್ಷಿಣ ಕೇರಳ ಮತ್ತು ಕನ್ಯಾಕುಮಾರಿ ಕಡೆಯ ಬಹುಮಂದಿ ಮೀನುಗಾರರು ಪ್ರಾಣ ಕಳೆದುಕೊಂಡರು. ಸುದ್ದಿಯ ಬೆಲೆ ಏನೆಂದು ತಿಳಿಯಲು ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಸುದ್ದಿ ಹೇಳುವುದೂ ಒಂದು ಭಾಷಾಭ್ಯಾಸವೇ. ಯಾವ ದೋಣಿ, ಎಲ್ಲಿದೆ, ಎಷ್ಟು ಜನರಿದ್ದಾರೆ, ಏನಾಗಿದೆ, ಏನು ಬೇಕು – ಈ ಐದು ಪ್ರಶ್ನೆಗಳಿಗೆ ಐದು ಸಣ್ಣ ವಾಕ್ಯಗಳು ಸಾಕು. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುವ ನಾವು ಈ ಐದು ವಾಕ್ಯಗಳನ್ನು ಮಲಯಾಳದಲ್ಲಿಯೂ ತಡವರಿಸದೆ ಹೇಳಲು ಕಲಿತಿರಬೇಕು. ಕೇಳುವವರಿಗೆ ಒಂದೇ ಸಲಕ್ಕೆ ತಿಳಿಯುವುದೇ ಇಲ್ಲಿ ಒಳ್ಳೆಯ ಭಾಷೆ. ಹತ್ತಿರದಲ್ಲಿ ಬೇರೆ ದೋಣಿ ಕಂಡರೆ, ಎರಡೂ ತೋಳುಗಳನ್ನು ಬದಿಗೆ ಚಾಚಿ ನಿಧಾನವಾಗಿ ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ಅದು ಎಲ್ಲ ದೇಶದವರೂ ಒಪ್ಪಿಕೊಂಡ ಸಂಕಟದ ಸಂಜ್ಞೆ.

ಮೂರನೆಯ ಕೆಲಸ: ಇಂಜಿನು

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯಿದೆ. ನಿಂತ ಇಂಜಿನಿನ ಹಗ್ಗವನ್ನು ಮತ್ತೆ ಮತ್ತೆ ಎಳೆದರೆ ಎಣ್ಣೆ ಒಳಗೆ ತುಂಬಿ, ಪ್ಲಗ್ಗು ಒದ್ದೆಯಾಗಿ, ಚಾಲೂ ಆಗಬಹುದಾಗಿದ್ದ ಇಂಜಿನೂ ಆಗದೆ ಹೋಗುತ್ತದೆ. ಕ್ರಮವಾಗಿ ನೋಡಬೇಕು. ನೋಡುವಾಗ ಬೀಡಿ, ಬೆಂಕಿ ಹತ್ತಿರ ಸಲ್ಲದು.

(1) ಎಣ್ಣೆ: ಟ್ಯಾಂಕಿನಲ್ಲಿ ಎಣ್ಣೆ ಇದೆಯೇ? ಮುಚ್ಚಳದ ಗಾಳಿಯ ತಿರುಪು ತೆರೆದಿದೆಯೇ? ಅದು ಮುಚ್ಚಿದ್ದರೆ ಇಂಜಿನು ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ. ಒಳಗೆ ಗಾಳಿ ಹೋಗದೆ ಹೊರಗೆ ಎಣ್ಣೆ ಬಾರದು. ಎಣ್ಣೆಯ ಕೊಳವೆ ಎಲ್ಲಾದರೂ ಮಡಚಿದೆಯೇ? ಸೋಸುಕದಲ್ಲಿ ನೀರು ನಿಂತಿದೆಯೇ? ಪೆಟ್ರೋಲಿನಿಂದ ಚಾಲೂ ಮಾಡಿ, ಬಿಸಿಯಾದ ಮೇಲೆ ಚಿಮಿಣಿ ಎಣ್ಣೆಗೆ ಬದಲಾಯಿಸುವ ಇಂಜಿನಾದರೆ, ತಣಿದ ಮೇಲೆ ಮತ್ತೆ ಪೆಟ್ರೋಲಿನಿಂದಲೇ ಆರಂಭಿಸಬೇಕು.

(2) ಕಿಡಿ: ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಕಪ್ಪಾಗಿ ಒದ್ದೆಯಾಗಿದ್ದರೆ ಒರೆಸಿ, ಒಣಗಿಸಿ ಹಾಕಬೇಕು. ಇಲ್ಲವೇ ಹೊಸದನ್ನು ಹಾಕಬೇಕು. ಚಿಮಿಣಿ ಎಣ್ಣೆಯಿಂದ ಪ್ಲಗ್ಗಿಗೆ ಮಸಿ ಬೇಗ ಹಿಡಿಯುತ್ತದೆ. ಹೆಚ್ಚಿಗೆ ಎರಡು ಪ್ಲಗ್ಗು, ಅದನ್ನು ಬಿಚ್ಚುವ ಪಾನಾ ದೋಣಿಯಲ್ಲಿ ಇರಲೇಬೇಕು.

(3) ತಂಪು: ಓಡುವ ಹೊರ ಇಂಜಿನಿನ ಬದಿಯಿಂದ ಸಣ್ಣ ನೀರಿನ ಧಾರೆ ಚಿಮ್ಮುತ್ತಿರುತ್ತದೆ. ಇಂಜಿನನ್ನು ತಣಿಸುವ ಕಡಲ ನೀರು ಸರಿಯಾಗಿ ಹರಿಯುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಧಾರೆ ನಿಂತರೆ ಕೂಡಲೇ ಇಂಜಿನನ್ನು ನಿಲ್ಲಿಸಬೇಕು. ಬಹಳ ಸಲ ನೀರು ಸೇರುವ ರಂಧ್ರಕ್ಕೆ ಪ್ಲಾಸ್ಟಿಕ್ ಚೀಲ ಅಂಟಿಕೊಂಡಿರುತ್ತದೆ. ನಾವು ದಡದಲ್ಲಿ ಬಿಸಾಡಿದ ಚೀಲವೂ ಅದಾಗಿರಬಹುದು!

(4) ಫ್ಯಾನು: ಇಂಜಿನು ಓಡುತ್ತಿದ್ದರೂ ದೋಣಿ ಮುಂದೆ ಹೋಗದಿದ್ದರೆ ನೀರಿನೊಳಗಿನ ಫ್ಯಾನಿಗೆ ಬಲೆ ಅಥವಾ ಹಗ್ಗ ಸುತ್ತಿರಬಹುದು. ಇಂಜಿನನ್ನು ಪೂರ್ತಿ ನಿಲ್ಲಿಸದೆ ಅದರ ಬಳಿಗೆ ಕೈ ಒಯ್ಯಬಾರದು. ಹೊರ ಇಂಜಿನನ್ನು ಮೇಲಕ್ಕೆತ್ತಿ ಬಿಡಿಸಬಹುದು. ದೊಡ್ಡ ಬೋಟಾದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಕಡಲು ಶಾಂತವಾಗಿದ್ದಾಗ ಮಾತ್ರ ಇಳಿಯಬೇಕು.

ಟ್ರಾಲ್ ಬೋಟುಗಳ ಡೀಸೆಲ್ ಇಂಜಿನಿಗೆ ಕಿಡಿಯ ಪ್ಲಗ್ಗು ಇಲ್ಲ. ಒತ್ತಿದ ಗಾಳಿಯ ಬಿಸಿಯಿಂದಲೇ ಅಲ್ಲಿ ಎಣ್ಣೆ ಉರಿಯುತ್ತದೆ. ಅದರ ಮುಖ್ಯ ಶತ್ರು ಎಣ್ಣೆಯ ಕೊಳವೆಯೊಳಗೆ ಸೇರುವ ಗಾಳಿ. ಗಾಳಿ ಬಿಡುವ ತಿರುಪನ್ನು ಸಡಿಲಿಸಿ, ಗುಳ್ಳೆಗಳು ನಿಂತು ಬರಿಯ ಎಣ್ಣೆ ಬರುವವರೆಗೆ ಕೈಪಂಪನ್ನು ಒತ್ತಿ, ತಿರುಪನ್ನು ಬಿಗಿಯಬೇಕು. ಇಂಜಿನು ಕಾದು ನಿಂತಿದ್ದರೆ ನೀರಿನ ಮುಚ್ಚಳವನ್ನು ಆಗಲೇ ತೆರೆಯಬಾರದು. ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಚುಕ್ಕಾಣಿಯ ಸರಪಳಿ ಕಡಿದರೆ, ಹಗ್ಗ ಕಟ್ಟಿದ ಬುಟ್ಟಿಯನ್ನು ತಿರುಗಬೇಕಾದ ಬದಿಯಲ್ಲಿ ನೀರಿಗೆ ಬಿಟ್ಟು ನಿಧಾನವಾಗಿ ಸಾಗಿದರೆ ದೋಣಿ ಆ ಬದಿಗೆ ತಿರುಗುತ್ತದೆ.

ಅಳಿವೆಯ ಅಪಾಯ

ಮೇಲೆ ಹೇಳಿದ್ದಕ್ಕೆಲ್ಲ ನಡುಗಡಲಿನಲ್ಲಿ ಸಮಯ ಸಿಗುತ್ತದೆ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಸಿಗುವುದಿಲ್ಲ. ಅಲ್ಲಿ ಮರಳ ದಿಬ್ಬದ ಮೇಲೆ ಅಲೆ ಒಡೆಯುತ್ತದೆ. ಇಂಜಿನು ನಿಂತ ದೋಣಿ ಕ್ಷಣದಲ್ಲಿ ಅಡ್ಡವಾಗುತ್ತದೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧವಿದ್ದರೂ ನಾಡದೋಣಿಗಳಿಗೆ ಅದು ಅನ್ವಯಿಸದು. ಹಾಗಾಗಿ ಅಲೆ ಅತಿ ದೊಡ್ಡದಾಗಿರುವ ಕಾಲದಲ್ಲಿ ಅತಿ ಸಣ್ಣ ದೋಣಿಗಳೇ ಅಳಿವೆ ದಾಟುತ್ತವೆ. ಅಳಿವೆಗೆ ಬರುವ ಮೊದಲೇ ಎಣ್ಣೆ ನೋಡಿಕೊಂಡು, ಲಂಗರನ್ನು ಕೈಗೆಟುಕುವಂತೆ ಇಟ್ಟು, ಎಲ್ಲರೂ ಜೀವರಕ್ಷಕ ಅಂಗಿಯನ್ನು ತೊಟ್ಟಿರಬೇಕು. ಗಂಟು ಕಟ್ಟಿ ಮೂಲೆಯಲ್ಲಿಟ್ಟ ಅಂಗಿ ಯಾರ ಜೀವವನ್ನೂ ಕಾಯದು.

ದಡದಲ್ಲಿರುವವರ ಪಾಲು

ತಾಯಂದಿರೂ ಮಕ್ಕಳೂ ಕಾಯುವುದನ್ನು ಬಿಟ್ಟು ಬೇರೇನೂ ಮಾಡಲಾರರು ಎಂದು ತಿಳಿಯಬೇಡಿ. ಒಂದು ರಟ್ಟಿನ ಮೇಲೆ ದೋಣಿಯ ಹೆಸರು, ನೋಂದಣಿ ಸಂಖ್ಯೆ, ಬಣ್ಣ, ಜೊತೆಗೆ ಹೋಗುವವರ ಫೋನ್ ಸಂಖ್ಯೆಗಳು, 1554 ಮತ್ತು 1093 – ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ತೂಗುಹಾಕಿ. ಹೊರಡುವಾಗ ‘ಎಷ್ಟು ಜನ, ಯಾವ ಕಡೆಗೆ, ಎಷ್ಟು ಹೊತ್ತಿಗೆ ಬರುತ್ತೀರಿ ಅಪ್ಪಾ?’ ಎಂದು ಕೇಳಿ ಬರೆದಿಡಿ. ಹೇಳಿದ ಹೊತ್ತು ಮೀರಿ, ಫೋನೂ ಸಿಗದಿದ್ದರೆ ಬೆಳಗಾಗಲಿ ಎಂದು ಕಾಯದೆ ತಿಳಿಸಿ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಪ್ರವಾಹ ಹೆಚ್ಚಾಗಿ ತೆಂಕಣಕ್ಕೂ ಚಳಿಗಾಲದಲ್ಲಿ ಬಡಗಣಕ್ಕೂ ಹರಿಯುತ್ತದೆ. ಹೊರಟ ಹೊತ್ತು, ಹೋದ ಕಡೆ ತಿಳಿದಿದ್ದರೆ ಹುಡುಕುವವರು ಇದನ್ನು ಲೆಕ್ಕ ಹಾಕಿ ಸರಿಯಾದ ಕಡೆಗೆ ಸಾಗಬಲ್ಲರು. ನಿಮ್ಮ ಕೈಬರಹದ ಎರಡು ಸಾಲು ಅಲ್ಲಿ ದಿಕ್ಸೂಚಿಯಾಗುತ್ತದೆ.

ಯಂತ್ರದಲ್ಲಿ ಆಸಕ್ತಿಯುಳ್ಳವರು ಇನ್ನೊಂದು ಸಂಗತಿಯನ್ನು ತಿಳಿದಿರಲಿ. 1963ರಲ್ಲಿ ಕೊಚ್ಚಿಯಲ್ಲಿ ಆರಂಭವಾದ ಕೇಂದ್ರ ಸರಕಾರದ ಮೀನುಗಾರಿಕಾ ತರಬೇತಿ ಸಂಸ್ಥೆಯಲ್ಲಿ ದೋಣಿ ನಡೆಸುವ ವಿದ್ಯೆಯನ್ನೂ ಇಂಜಿನಿನ ಕೆಲಸವನ್ನೂ ಕಲಿಸುತ್ತಾರೆ. ಹತ್ತನೆಯ ತರಗತಿ ಮುಗಿಸಿದವರಿಗೂ ಅಲ್ಲಿ ದಾರಿಯಿದೆ.

ಮಾಡಿ ನೋಡಿ

ಹಿರಿಯರ ಎದುರಿನಲ್ಲಿ, ಒಲೆಯಿಂದ ದೂರ, ಒಂದು ಗಾಜಿನ ಶೀಶೆಗೆ ಸ್ವಲ್ಪ ಚಿಮಿಣಿ ಎಣ್ಣೆ, ಸ್ವಲ್ಪ ನೀರು ಹಾಕಿ ಕುಲುಕಿ ಇಡಿ. ಕೆಲವು ನಿಮಿಷಗಳಲ್ಲಿ ನೀರು ತಳಕ್ಕಿಳಿಯುತ್ತದೆ. ಟ್ಯಾಂಕಿನ ತಳದಿಂದ ಎಣ್ಣೆ ಎಳೆಯುವ ಇಂಜಿನಿಗೆ ಮೊದಲು ಸಿಗುವುದು ಯಾವುದು? ಯೋಚಿಸಿ.

ಅಭ್ಯಾಸ

1. ಇಂಜಿನು ನಿಂತಾಗ ದುರಸ್ತಿಗಿಂತ ಮೊದಲು ಲಂಗರು ಏಕೆ?
2. ಎಂಟು ಮಾರು ಆಳದಲ್ಲಿ ಎಷ್ಟು ಮಾರು ಹಗ್ಗ ಬಿಡಬೇಕು?
3. ಸಂಕಟದ ಸುದ್ದಿಯ ಐದು ವಾಕ್ಯಗಳನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆಯಿರಿ.
4. ನಿಮ್ಮ ಮನೆಯ ಅಥವಾ ನೆರೆಮನೆಯ ದೋಣಿಗಾಗಿ ಗೋಡೆಯ ರಟ್ಟನ್ನು ಸಿದ್ಧಪಡಿಸಿರಿ. ಇದನ್ನು ತರಗತಿಗೆ ತರಬೇಕಾಗಿಲ್ಲ; ಮನೆಯ ಗೋಡೆಯ ಮೇಲಿದ್ದರೆ ಸಾಕು.