ಅಡುಗೆಕಟ್ಟೆಗೆ ಬಿಳಿ ಗ್ರಾನೈಟ್, ಅಂಗಳಕ್ಕೆ ಪರಸಿ

ಕಲಬುರಗಿ ಸೀಮೆಯಲ್ಲಿ ಮನೆ ಕಟ್ಟುವವರಿಗೆ ಕಲ್ಲಿನ ಬರವಿಲ್ಲ, ಶಹಾಬಾದ್ ಪರಸಿ ಪಕ್ಕದಲ್ಲೇ ಸಿಗುತ್ತದೆ. ಆದರೂ ಕಮಲಾಪುರದ ನಮ್ಮ ಮನೆಯ ಅಡುಗೆಕಟ್ಟೆಗೆ ಬಿಳಿ ಗ್ರಾನೈಟ್ ಹಾಕಿಸಿದೆವು. ಪರಸಿ ಸುಣ್ಣದಕಲ್ಲು, ನಿಂಬೆ, ಹುಣಸೆಹುಳಿ ಬಿದ್ದಲ್ಲಿ ಹೊಳಪು ಸತ್ತು ಮಚ್ಚೆ ಉಳಿಯುತ್ತದೆ. ಗ್ರಾನೈಟಿಗೆ ಆ ಹುಳಿ ತಾಗದು. ಗಡಸುತನದ ಮೋಸ್ ಅಳತೆಯಲ್ಲಿ ಸುಣ್ಣದಕಲ್ಲು 3ರ ಆಸುಪಾಸು, ಗ್ರಾನೈಟ್ 6ರಿಂದ 7.

ಅಂಗಡಿಯವರು ಚದರಡಿಗೆ 150 ರೂಪಾಯಿ ಅಂದರು. ಆ 150ನ್ನೇ ನಂಬಿ ಬಜೆಟ್ ಹಾಕುವವರು ಬಹಳ. ನಮ್ಮ ಕಟ್ಟೆ 12 ಅಡಿ ಉದ್ದ, 2 ಅಡಿ ಅಗಲ, ಅಂದರೆ 24 ಚದರಡಿ. ಸ್ಲ್ಯಾಬಿನ ಅಗಲ 3 ಅಡಿ, ಬಿಲ್ಲು ಇಡೀ ಸ್ಲ್ಯಾಬಿಗೆ: 36 ಚದರಡಿಗೆ 5,400, ಮೇಲೆ ಶೇ 18 ಜಿಎಸ್‌ಟಿ 972, ಒಟ್ಟು 6,372. ಕಟ್ಟೆಯ ಮೇಲೆ ಕೂತ ಕಲ್ಲಿಗಷ್ಟೇ ಹಂಚಿದರೆ ಚದರಡಿಗೆ 265 ದಾಟಿತು. ಸಿಂಕಿಗಾಗಿ ಕೊಯ್ದು ಬಿಸಾಡುವ ತುಂಡಿಗೂ ನಮ್ಮದೇ ದುಡ್ಡು. ಅಂಚು ದುಂಡಗೆ ಮಾಡಿ ಪಾಲಿಶ್ ಹೊಡೆಯಲು ಅಡಿ ಲೆಕ್ಕದ ಕೂಲಿ, ಹಮಾಲಿ ಬೇರೆ. ಕಿಟಕಿ, ಬಚ್ಚಲ ಹೊಸ್ತಿಲಿನ ಅಳತೆ ಮೊದಲೇ ಚೀಟಿಯಲ್ಲಿ ಬರೆದೊಯ್ದಿದ್ದರಿಂದ ಉಳಿದ ಒಂದಡಿ ಪಟ್ಟಿ ಅಲ್ಲಿಗೆ ಹೊಂದಿತು, ಇಲ್ಲವಾದರೆ ಹಿತ್ತಲಲ್ಲಿ ಬಿದ್ದಿರುತ್ತಿತ್ತು.

"ಕಾಶ್ಮೀರ್ ವೈಟ್ ತಗೋರಿ ಸರ, ಮನಿ ಬೆಳ್ಳಗ ಕಾಣ್ತದ" ಎಂಬ ಮಾತೂ ಬಂತು. ಆ ಕಲ್ಲು ಬರುವುದು ತಮಿಳುನಾಡಿನ ಮದುರೆ ಕಡೆಯಿಂದ. ಹೆಸರು ಬಿಡಿ, ಕಲ್ಲು ನೀರು ಕುಡಿಯುತ್ತದೋ ಇಲ್ಲವೋ ನೋಡಿ. ಬಿಳಿ ಕಲ್ಲುಗಳಲ್ಲಿ ಹಲವು ಕರಿ ಕಲ್ಲಿಗಿಂತ ಹೆಚ್ಚು ಹೀರುತ್ತವೆ, ಹೀರಿದ್ದು ಎದ್ದು ಕಾಣುತ್ತದೆ. ಸ್ಯಾಂಪಲ್ ತುಂಡುಗಳನ್ನು ಇಸಿದುಕೊಂಡು ಬಂದು ನೀರು ಹನಿಸಿ ಹತ್ತು ನಿಮಿಷ ಬಿಟ್ಟೆವು. ಒಂದರಲ್ಲಿ ಬೂದು ಕಲೆ ಮೂಡಿತು. ಉಳಿದವುಗಳ ಮೇಲೆ ಎಣ್ಣೆ ಕಲಸಿದ ಅರಿಸಿನ, ಪಕ್ಕಕ್ಕೆ ಬಾಳೆದಿಂಡಿನ ರಸ. ಕೆಂಪು ಬಾಳೆಗೆ ಹೆಸರಾದ ನಮ್ಮ ಕಮಲಾಪುರದಲ್ಲಿ ಬಾಳೆಕರೆಗೆ ತಡೆಯದ ಕಲ್ಲಿಗೆ ಅಡುಗೆಮನೆಯಲ್ಲಿ ಏನು ಕೆಲಸ? ಬೆಳಗ್ಗೆ ಸೋಪಿನ ನೀರಿಗೆ ಕಲೆ ಬಿಟ್ಟ ತುಂಡನ್ನೇ ಆರಿಸಿದೆವು. ಅದಕ್ಕೂ ಸೀಲರ್ ಬೇಕು, ಹನಿ ಮತ್ತೆ ಇಂಗತೊಡಗಿದರೆ ಮತ್ತೆ ಬಳಿಯಬೇಕು. ಆ ಖರ್ಚನ್ನೂ ಕಲ್ಲಿನ ಲೆಕ್ಕಕ್ಕೇ ಸೇರಿಸಿ.

ಇಡೀ ಮನೆಗೆ ಬಿಳಿ ಗ್ರಾನೈಟ್ ಹಾಸುವುದು ನನ್ನ ಪ್ರಕಾರ ದುಂದು. ಪಡಸಾಲೆ, ಅಂಗಳಕ್ಕೆ ಪರಸಿ ಸಾಕು. ಬಿಸಿಲಿಗೆ ಬೀಳುವ ಮೆಟ್ಟಿಲಿಗೆ ಮಾತ್ರ ಪಾಲಿಶ್ ಇಲ್ಲದ ಬಿಳಿ ಕಲ್ಲು ಹಾಕಿಸಿದೆವು. ನಮ್ಮ ಬೇಸಿಗೆಯಲ್ಲಿ ಕರಿ ಗ್ರಾನೈಟಿನ ಮೇಲೆ ಬರಿಗಾಲು ಇಟ್ಟವರಿಗೆ ಕಾರಣ ಹೇಳಬೇಕಿಲ್ಲ.

"ಬಿಲ್ ಬ್ಯಾಡಂದ್ರ ಟ್ಯಾಕ್ಸ್ ಉಳೀತದ ನೋಡ್ರಿ" ಎಂದೂ ಅಂಗಡಿಯಲ್ಲಿ ಹೇಳಿದ್ದರು. ಬಿಲ್ ಮಾಡಿಸಿಕೊಂಡೇ ಬಂದೆವು. ಗೃಹಸಾಲದ ಮುಂದಿನ ಕಂತು ಬಿಡುವಾಗ ಬ್ಯಾಂಕಿನವರು ಮೊದಲು ಕೇಳಿದ್ದೇ ಸಾಮಾನಿನ ಬಿಲ್ಲುಗಳನ್ನು.