ಪಿಕಪ್ಪಿಗೊಂದು ಒಳ್ಳೆಯ ದನಿ

ಪಿಕಪ್ ಇಟ್ಟುಕೊಂಡವರಿಗೆ ಸೈಲೆನ್ಸರಿನ ಆಸೆ ಹುಟ್ಟುವುದು ಹೆಚ್ಚಾಗಿ ಮೊಬೈಲ್ ನೋಡಿ. ಅಮೆರಿಕದ ಯಾವುದೋ ಬಯಲಿನಲ್ಲಿ ಒಂದು ಗಾಡಿ ಗುಡುಗುಡು ಎನ್ನುತ್ತ ನಿಂತಿರುತ್ತದೆ, ಕೇಳಿದವನಿಗೆ ತನ್ನದೂ ಹಾಗೇ ಮಾತಾಡಬೇಕು ಅನಿಸುತ್ತದೆ. ನನಗೂ ಅನಿಸಿತ್ತು. ನನ್ನದು ಸೆಕೆಂಡ್ ಹ್ಯಾಂಡ್ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್. 2016ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂತಲ್ಲ, ಆ ಮೊದಲ ಮಾದರಿ: ಬಿಎಸ್-4, ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಡೀಸೆಲ್. ತೋಟಕ್ಕೆ ಗೊಬ್ಬರ ಹೊತ್ತು ಹೋಗಿ ಅಡಿಕೆ, ತೆಂಗು ಹೊತ್ತು ಬರುವುದು ಅದರ ಕೆಲಸ.

ವಿಡಿಯೊದಲ್ಲಿ ಗುಡುಗುವುದು ವಿ-8 ಪೆಟ್ರೋಲ್ ಎಂಜಿನ್. ಅದರಲ್ಲಿ ಒಂದೊಂದು ಬದಿಯ ನಾಲ್ಕು ಸಿಲಿಂಡರುಗಳಿಂದ ಹೊಗೆ ಸಮ ಅಂತರದಲ್ಲಿ ಹೊರಬೀಳುವುದಿಲ್ಲ. ಒಂದು ಹತ್ತಿರ, ಒಂದು ದೂರ. ಆ ಏರುಪೇರೇ ಗುಡುಗುಡು. ನಮ್ಮ ನಾಲ್ಕು ಸಿಲಿಂಡರಿನ ಎಂಜಿನ್ ಗಡಿಯಾರದಷ್ಟು ಕರಾರುವಾಕ್ಕಾಗಿ ಅರ್ಧ ಸುತ್ತಿಗೊಮ್ಮೆ ಉರಿಯುತ್ತದೆ. ಅದಕ್ಕೆ ಎಷ್ಟು ದಪ್ಪದ ಕೊಳವೆ ಹಾಕಿದರೂ ಆ ತಾಳ ಬರುವುದಿಲ್ಲ, ಬರುವುದು ಬರೀ ಅಬ್ಬರ. ಸಾಲದ್ದಕ್ಕೆ ನಡುವೆ ಟರ್ಬೊ ಕೂತಿದೆ. ಹೊಗೆ ಅದರ ಚಕ್ರವನ್ನು ತಿರುಗಿಸಿಯೇ ಮುಂದೆ ಹೋಗಬೇಕಾದ್ದರಿಂದ ಸದ್ದಿನ ಏಟು ಅಲ್ಲೇ ಅರ್ಧ ಸಾಯುತ್ತದೆ. ಇನ್ನು ಡೀಸೆಲ್ಲಿನ ಕಟಕಟ ಹುಟ್ಟುವುದು ಸಿಲಿಂಡರಿನ ಒಳಗೆ, ಹೊರಬರುವುದು ಎಂಜಿನ್ನಿನ ಮೈಯಿಂದ. ಸೈಲೆನ್ಸರಿಗೂ ಅದಕ್ಕೂ ಸಂಬಂಧವೇ ಇಲ್ಲ.

ಹಾಗಾದರೆ ಈ ಎಂಜಿನ್ನಿನಿಂದ ಕೇಳಬಹುದಾದ ಚೆಂದದ ಸದ್ದು ಯಾವುದು? ಟರ್ಬೊದ ಸಣ್ಣ ಸಿಳ್ಳೆ, ಅದರ ಕೆಳಗೆ ಎಳೆಯುವಾಗ ಒಂದು ತುಂಬಿದ ಮಂದ್ರ. ಯಕ್ಷಗಾನ ಕಂಡವರಿಗೆ ಹೇಳುವುದಾದರೆ ಚೆಂಡೆಯಲ್ಲ, ಮದ್ದಲೆ. ಇಷ್ಟು ತೀರ್ಮಾನವಾದ ಮೇಲೆ ಮೊಬೈಲಿನ ವಿಡಿಯೊಗಳಿಂದ ನನಗೆ ಬಿಡುಗಡೆ ಸಿಕ್ಕಿತು.

ಮನೆ ಇರುವುದು ಮಂಗಳೂರಿನ ಮಣ್ಣಗುಡ್ಡದಲ್ಲಿ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ಲೇಡಿಹಿಲ್ ಕಡೆಯಿಂದ ಬಂದು ನಮ್ಮ ಓಣಿಗೆ ತಿರುಗಿದರೆ ಎರಡೂ ಕಡೆ ಕೆಂಪುಕಲ್ಲಿನ ಕಾಂಪೌಂಡ್, ಆಚೆ ಹಳೆಯ ಹೆಂಚಿನ ಮನೆಗಳು, ನಡುವೆ ಹೊಸ ಅಪಾರ್ಟ್‌ಮೆಂಟುಗಳು. ಹದಿನೇಳು ಅಡಿ ಮೀರುವ ಗಾಡಿಯನ್ನು ಹಿಂದೆ ಮುಂದೆ ಮಾಡಿ ಹೊರಗೆ ತರುವಷ್ಟು ಹೊತ್ತು ಅದರ ಸದ್ದು ಗೋಡೆಯಿಂದ ಗೋಡೆಗೆ ಬಡಿಯುತ್ತದೆ. ತೋಟಕ್ಕೆ ಹೊರಡುವುದು ಬೆಳಕು ಹರಿಯುವ ಮುಂಚೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45. ಬೆಳಗ್ಗೆ ಐದಕ್ಕೆ ಗಾಡಿ ಶುರು ಮಾಡುವವನು ರಾತ್ರಿಯ ಲೆಕ್ಕದಲ್ಲೇ ಬರುತ್ತಾನೆ. ಎದುರು ಮನೆಯ ಮಾಮ್ ಡೆಸಿಬೆಲ್ ಅಳೆದವರಲ್ಲ. "ನಿನ್ನ ಗಾಡಿ ಹೊರಟರೆ ನನಗೆ ಅಲಾರಂ ಬೇಡ ಮಾರಾಯ" ಎಂದು ನಗುತ್ತಲೇ ಹೇಳಿದ್ದರು. ನಗುತ್ತ ಹೇಳಿದ ಮಾತನ್ನು ನಮ್ಮ ಊರಲ್ಲಿ ಎರಡು ಸಲ ಯೋಚಿಸಬೇಕು.

ಕಾನೂನು ಇನ್ನೂ ನೇರ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದಂತೆ ಪ್ರತಿ ವಾಹನಕ್ಕೂ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರ್ ಇರಲೇಬೇಕು. 2019ರ ತಿದ್ದುಪಡಿಯ ನಂತರ ಶಬ್ದ, ಹೊಗೆಯ ಮಿತಿ ಮೀರಿದರೆ 190(2)ನೇ ಸೆಕ್ಷನ್ನಿನಲ್ಲಿ ಹತ್ತು ಸಾವಿರದವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಜೊತೆಗೆ ಲೈಸೆನ್ಸಿಗೂ ಕುತ್ತು. ವಶಪಡಿಸಿಕೊಂಡ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಹಾಸಿ ಪೊಲೀಸರು ರೋಡ್ ರೋಲರ್ ಹತ್ತಿಸುವ ಫೋಟೊಗಳು ರಾಜ್ಯದ ಬೇರೆಬೇರೆ ಊರುಗಳಿಂದ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತವೆ. ಹೆಚ್ಚಿನವು ಬೈಕಿನವು, ನಿಜ. ಹಾಗೆಂದು ಪಿಕಪ್ಪಿಗೆ ವಿನಾಯಿತಿ ಏನಿಲ್ಲ. ಗಾಡಿ ಕಂಪನಿಯ ಸದ್ದನ್ನು ಮೀರಿತೆಂದರೆ ಕಿಸೆಯಲ್ಲಿ ಯಾವ ಬಿಲ್ ಇದ್ದರೂ ರಸ್ತೆ ಬದಿಯ ವಾದದಲ್ಲಿ ಗೆಲ್ಲುವುದು ಕಷ್ಟ.

ಈ ಎಲ್ಲ ಯೋಚನೆ ಹೊತ್ತುಕೊಂಡು ಬೈಕಂಪಾಡಿ ಕಡೆಯ ಒಬ್ಬ ಮೇಸ್ತ್ರಿಯ ಹತ್ತಿರ ಹೋದೆ. ಲಾರಿ, ಬಸ್ಸುಗಳ ಸೈಲೆನ್ಸರ್ ಕಟ್ಟಿಯೇ ಕೂದಲು ಹಣ್ಣು ಮಾಡಿಕೊಂಡವರು. ಯಾವುದು ಹಾಕೋಣ ಎಂದು ಕೇಳಿದರೆ ಅವರು ಉತ್ತರ ಕೊಡಲಿಲ್ಲ. ಗಾಡಿ ಸ್ಟಾರ್ಟ್ ಮಾಡಿಸಿ, ಒದ್ದೆ ಗೋಣಿಯನ್ನು ಸುತ್ತಿ ಹಿಂದಿನ ಕೊಳವೆಯ ಬಾಯಿಗೆ ಒತ್ತಿ ಹಿಡಿಯಲು ಹುಡುಗನಿಗೆ ಹೇಳಿದರು. ತಾವು ಅಡಿಗೆ ನುಗ್ಗಿ ಕಿವಿ ಕೊಟ್ಟರು. ಬಾಯಿ ಮುಚ್ಚಿದರೆ ಹೊಗೆ ಬೇರೆ ದಾರಿ ಹುಡುಕುತ್ತದೆ. ಒಂದು ಕಡೆ ಫ್ಲೇಂಜಿನ ಗ್ಯಾಸ್ಕೆಟ್ಟಿನಲ್ಲಿ ಫುಸ್ ಫುಸ್, ಅದರ ಸುತ್ತ ಕಾಡಿಗೆಯಂಥ ಮಸಿ. ಇನ್ನೊಂದು ಕಡೆ ಕೊಳವೆಯನ್ನು ತೂಗುಹಾಕುವ ರಬ್ಬರು ಹರಿದು, ಗುಂಡಿಗೆ ಬಿದ್ದಾಗಲೆಲ್ಲ ಕಬ್ಬಿಣ ಚಾಸಿಗೆ ತಾಗುತ್ತಿತ್ತು. ಶಾಖ ತಡೆಯುವ ತಗಡಿನ ಬೋಲ್ಟ್ ತುಕ್ಕು ತಿಂದು ಐಡಲಿನಲ್ಲಿ ಝಣಝಣ.

ಹೊರಬಂದು ಕೈ ಒರೆಸಿಕೊಂಡು ಅಂದರು: "ನಿಮ್ಮದು ಸೈಲೆನ್ಸರ್ ಸೌಂಡ್ ಅಲ್ಲ ಸಾರ್, ರಬ್ಬರ್ ಸೌಂಡ್. ಇದನ್ನು ಸರಿ ಮಾಡದೆ ಎಂತ ಹಾಕಿದರೂ ಡಬ್ಬ ಬಡಿದ ಹಾಗೇ ಉಂಟು."

ರಬ್ಬರು, ಗ್ಯಾಸ್ಕೆಟ್, ಬೋಲ್ಟುಗಳಿಗೆ ಆದ ಖರ್ಚು ಒಂದು ಟ್ಯಾಂಕ್ ಡೀಸೆಲ್ಲಿಗಿಂತ ಕಡಿಮೆ. ಅಷ್ಟರಿಂದಲೇ ಗಾಡಿಯ ಒರಟುತನ ಅರ್ಧಕ್ಕೆ ಇಳಿಯಿತು. ಒಳ್ಳೆಯ ದನಿ ಬೇಕೆಂದು ಬರುವವರಿಗೆ ನಾನು ಈಗ ಮೊದಲು ಹೇಳುವುದೇ ಇದು: ಕೊಳ್ಳುವ ಮೊದಲು ಕೆಟ್ಟ ಸದ್ದುಗಳನ್ನು ಒಂದೊಂದಾಗಿ ತೆಗೆಯಿರಿ. ಅಲ್ಲಿಗೇ ಸಾಕು ಅನಿಸಿದರೆ ಮನೆಗೆ ಹೋಗಿ.

ನನಗೆ ಸಾಕಾಗಲಿಲ್ಲ, ಏಕೆಂದರೆ ಸೈಲೆನ್ಸರಿನ ಹೊಟ್ಟೆ ಒಳಗಿನಿಂದ ಕೊಳೆತಿತ್ತು. ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಒಳಗೆ ಹುಡಿ ಅಲುಗಿದ ಸದ್ದು. ಕಡಲ ಉಪ್ಪುಗಾಳಿಯ ಮೇಲೆ ತಪ್ಪು ಹೊರಿಸಿ ಸುಮ್ಮನಾಗುವುದು ಮಂಗಳೂರಿನವರ ಅಭ್ಯಾಸ. ಉಪ್ಪು ಹೊರಗಿನಿಂದ ತಿನ್ನುತ್ತದೆ, ಸರಿ. ಒಳಗಿನ ಶತ್ರು ಬೇರೆ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ದೂರದ ಪ್ರಯಾಣದಲ್ಲಿ ಸೈಲೆನ್ಸರ್ ಕಾದು ಆ ಆವಿ ಹೊರಗೆ ಹೋಗುತ್ತದೆ. ಮಣ್ಣಗುಡ್ಡದಿಂದ ಹಂಪನಕಟ್ಟೆಗೆ, ಅಲ್ಲಿಂದ ಉರ್ವ ಮಾರ್ಕೆಟಿಗೆ, ಮತ್ತೆ ಮನೆಗೆ ಎಂದು ಓಡಿಸಿದರೆ ಅದು ಬಿಸಿಯೇ ಆಗುವುದಿಲ್ಲ. ನೀರು ಮಸಿಯ ಜೊತೆ ಸೇರಿ ಹೊಟ್ಟೆಯ ತಳದಲ್ಲಿ ನಿಲ್ಲುತ್ತದೆ. ಇದಕ್ಕೆಂದೇ ಕೆಲವು ಸೈಲೆನ್ಸರುಗಳ ಕೆಳಗೆ ಸೂಜಿಗಿಂತ ತುಸು ದೊಡ್ಡದೊಂದು ತೂತು ಇರುತ್ತದೆ. ಅದರಿಂದ ಸಣ್ಣಗೆ ಚುಸ್ ಎನ್ನುವುದನ್ನು ಕೇಳಿ ತೂತು ಬಿದ್ದಿದೆ ಎಂದುಕೊಂಡು ವೆಲ್ಡ್ ಮಾಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಿಸಬೇಡಿ.

ಲೋಹದ ಆಯ್ಕೆಯಲ್ಲಿ ದುಡ್ಡು ಉಳಿಸಲು ಜಾಗ ಕಡಿಮೆ. ಸಾದಾ ಕಬ್ಬಿಣದ್ದು ಅಗ್ಗ, ನಮ್ಮ ಮಳೆಗಾಲಗಳಿಗೆ ಬಾಳುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ 304 ಎಂಬುದು ಒಳ್ಳೆಯದು, ದುಬಾರಿ. ಕಾರು ಕಂಪನಿಗಳು ಹೆಚ್ಚಾಗಿ ಬಳಸುವುದು 409. ಹೊರಗೆ ಕಂದು ಬಣ್ಣಕ್ಕೆ ತಿರುಗಿದರೂ ತೂತು ಬೀಳಲು ವರ್ಷಗಳು ಹಿಡಿಯುತ್ತವೆ. 202 ಕನ್ನಡಿಯಂತೆ ಹೊಳೆಯುತ್ತದೆ, ಉಪ್ಪುಗಾಳಿಗೆ ಮಾತ್ರ ಸೋಲುತ್ತದೆ. ಅಂಗಡಿಯವರು ಅಯಸ್ಕಾಂತ ಹಿಡಿದು ತೋರಿಸಿ, ಅಂಟುವುದಿಲ್ಲ, ಆದ್ದರಿಂದ ಅಸಲಿ ಎನ್ನುವುದುಂಟು. 304 ಅಂಟುವುದಿಲ್ಲ, 202 ಕೂಡ ಅಂಟುವುದಿಲ್ಲ; ಅಂಟುವ 409 ನಮ್ಮ ಕೆಲಸಕ್ಕೆ 202ಕ್ಕಿಂತ ಮೇಲು. ಅಯಸ್ಕಾಂತವನ್ನು ನಂಬದೆ ಬಿಲ್ಲಿನ ಮೇಲೆ ನಂಬರು ಬರೆಸಿಕೊಳ್ಳುವುದೇ ಸರಿ. ನಾನು 409 ಒಪ್ಪಿಕೊಂಡೆ.

ಆಸ್ಟ್ರೇಲಿಯದಿಂದ ತರಿಸುವ ರೆಡಿ ಕಿಟ್ ಒಂದನ್ನೂ ವಿಚಾರಿಸಿದ್ದೆ. ಡಿ-ಮ್ಯಾಕ್ಸ್ ಅಲ್ಲಿ ಬಹಳ ಓಡುತ್ತದೆ, ಸಾಮಾನೂ ಬೇಕಾದಷ್ಟು ಸಿಗುತ್ತದೆ. ಆದರೆ ಅಲ್ಲಿ ಓಡಿದ್ದು ಮೂರು ಲೀಟರಿನ ಎಂಜಿನ್. ಅದಕ್ಕೆಂದು ಮಾಡಿದ ಮೂರು ಇಂಚಿನ ಕೊಳವೆ ನಮ್ಮ ಎರಡೂವರೆ ಲೀಟರಿಗೆ ಅಗತ್ಯವಿಲ್ಲ. ಅಗಲ ಹೆಚ್ಚಾದಷ್ಟೂ ಸದ್ದು ತಗ್ಗಿಸುವುದು ಕಷ್ಟ. ಬೆಲೆ ಕೇಳಿದ ಮೇಲಂತೂ ಆ ಮಾತು ಮುಗಿಯಿತು. ಮೇಸ್ತ್ರಿ ಹೇಳಿದ್ದು ಅದರ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ.

ಅವರು ಮಾಡಿಕೊಟ್ಟ ಕ್ರಮ ಇದು. ಟರ್ಬೊದಿಂದ ಕ್ಯಾಟಲಿಟಿಕ್ ಕನ್ವರ್ಟರಿನವರೆಗೆ ಕೈ ಹಾಕಲಿಲ್ಲ. ಅಲ್ಲಿಂದ ಹಿಂದೆ ಕಂಪನಿಯ ಅಳತೆಯದೇ ಕೊಳವೆ, ಕಂಪನಿಯ ದಾರಿಯಲ್ಲೇ ಹಿಂದಿನ ಬಂಪರಿನವರೆಗೆ. ಹಿಂದಿನ ಚಕ್ರದ ಮುಂದೆಯೇ ಪಕ್ಕಕ್ಕೆ ಬಾಯಿ ಬಿಡುವ ಫ್ಯಾಷನ್ ಒಂದಿದೆ. ಓಣಿಯಲ್ಲಿ ಅದು ಗೋಡೆಗೂ ಕಿಟಕಿಗೂ ನೇರವಾಗಿ ಉಗುಳುತ್ತದೆ, ಹೊಗೆಯೂ ಕ್ಯಾಬಿನ್ನಿಗೆ ಬರುತ್ತದೆ. ಸೈಲೆನ್ಸರಿನ ಹೊಟ್ಟೆಗೆ ಎರಡು ಬಗೆ: ಕೋಣೆಗಳಲ್ಲಿ ಸದ್ದನ್ನು ತಿರುಗಿಸಿ ತಿರುಗಿಸಿ ದಣಿಸುವುದು, ಮತ್ತು ತೂತುಕೊಳವೆಯ ಸುತ್ತ ಉಣ್ಣೆಯಂಥ ನಾರು ತುಂಬಿ ಸದ್ದನ್ನು ಹೀರಿಸುವುದು. ಎರಡನೆಯದು ಮೊದಮೊದಲು ಕಿವಿಗೆ ಇಂಪು. ಅಗ್ಗದ ಗ್ಲಾಸ್‌ವೂಲ್ ಆದರೆ ಡೀಸೆಲ್ ಮಸಿ ಕುಡಿದು, ಚೂರುಚೂರಾಗಿ ಹೊರಗೆ ಹಾರಿ, ಕೊನೆಗೆ ಖಾಲಿ ಡಬ್ಬ ಉಳಿಯುತ್ತದೆ. ನಾನು ಕೋಣೆಯದನ್ನೇ ಆರಿಸಿ, ಅದರ ಹಿಂದೆ ನಾರು ತುಂಬಿದ ಒಂದು ಸಣ್ಣ ರೆಸೊನೇಟರ್ ಹಾಕಿಸಿದೆ.

ಓಣಿಯಲ್ಲಿ ಗಾಡಿ ಸೌಮ್ಯವಾಯಿತು. ಕೂಳೂರು ಸೇತುವೆ ದಾಟಿ ಹೆದ್ದಾರಿಯಲ್ಲಿ ಓಡಿಸಿದಾಗ ಬೇರೆಯೇ ಒಂದು ತೊಂದರೆ ಎದ್ದು ಬಂತು: ಎರಡು ಸಾವಿರ ಆರ್‌ಪಿಎಂ ಹತ್ತಿರ ಕ್ಯಾಬಿನ್ನಿನೊಳಗೆ ಗುಂಯ್ ಎಂಬ ಒತ್ತಡ. ಹೊರಗೆ ನಿಂತವರಿಗೆ ಕೇಳದು, ಒಳಗೆ ಕೂತವರಿಗೆ ತಲೆನೋವು. ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವವರು ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು. ಲೆಕ್ಕ ಸರಳ. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುವುದರಿಂದ ನಿಮಿಷಕ್ಕೆ ಎರಡು ಸಾವಿರ ಸುತ್ತಾದರೆ ಸೆಕೆಂಡಿಗೆ ಸುಮಾರು 67 ಏಟು. 200 ಡಿಗ್ರಿ ಬಿಸಿಯ ಹೊಗೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 435 ಮೀಟರ್ ಹೋಗುತ್ತದೆ. ಅಂದರೆ ಅಲೆಯ ಉದ್ದ ಆರೂವರೆ ಮೀಟರ್, ಅದರ ಕಾಲು ಭಾಗ 1.6 ಮೀಟರಿನ ಆಸುಪಾಸು. ಅಷ್ಟು ಉದ್ದದ, ತುದಿ ಮುಚ್ಚಿದ ಕೊಳವೆಯೊಂದನ್ನು ಕವಲಿನಂತೆ ಬೆಸೆದರೆ ಅದರೊಳಗೆ ಹೋಗಿ ತಿರುಗಿ ಬಂದ ಅಲೆ ಮೂಲ ಅಲೆಗೆ ಎದುರಾಗಿ ಅದನ್ನು ಅಳಿಸುತ್ತದೆ. ಕಾರಿನ ಅಡಿಯಲ್ಲಿ ಇಷ್ಟುದ್ದಕ್ಕೆ ಜಾಗ ಸಿಗದು. ಪಿಕಪ್ಪಿನ ಹಿಂದಿನ ತೊಟ್ಟಿಯ ಅಡಿ ಖಾಲಿ ಇದೆ. ಲೆಕ್ಕದ ಚೀಟಿ ಕೊಟ್ಟಾಗ ಮೇಸ್ತ್ರಿ ಅದನ್ನು ನೋಡಿದ್ದಕ್ಕಿಂತ ಹೆಚ್ಚು ನನ್ನ ಮುಖವನ್ನು ನೋಡಿದರು. "ತುದಿ ಮುಚ್ಚಿದ ಪೈಪಾ?" ಎಂದರು. ಮಾಡಿದರು. ಗುಂಯ್ ಪೂರ್ತಿ ಹೋಗಲಿಲ್ಲ, ಮಾತಾಡಲು ದನಿ ಏರಿಸಬೇಕಾಗುತ್ತಿದ್ದದ್ದು ತಪ್ಪಿತು. ಹೊಗೆಯ ಬಿಸಿ ಬದಲಾದಂತೆ ಲೆಕ್ಕವೂ ಅತ್ತಿತ್ತ ಸರಿಯುವುದರಿಂದ ಪೂರ್ತಿ ಹೋಗುವ ಭರವಸೆಯನ್ನು ಯಾರೂ ಕೊಡಲಾರರು.

ಕೆಲಸ ಮುಗಿದ ಮೇಲೆ ಹೊಗೆ ತಪಾಸಣೆ ಮಾಡಿಸಿದೆ. ಡೀಸೆಲ್ಲಿಗೆ ನೋಡುವುದು ಹೊಗೆಯ ದಟ್ಟಣೆ. ಬಿಎಸ್-4 ಗಾಡಿಗೆ ಮಿತಿ 1.62. ಅದರೊಳಗೇ ಬಂತು. ಕನ್ವರ್ಟರ್ ತೆಗೆಸಿದರೆ ಪಿಕಪ್ ಹೆಚ್ಚುತ್ತದೆ ಎಂದು ಕಿವಿಯೂದುವವರು ಎಲ್ಲ ಗ್ಯಾರೇಜಿನ ಬಾಗಿಲಲ್ಲೂ ಇರುತ್ತಾರೆ. ಅವರಿಗೆ ಚಹಾ ಕೊಡಿಸಿ, ಕೀಲಿ ಕೊಡಬೇಡಿ.

2020ರ ಏಪ್ರಿಲ್ ನಂತರದ ಬಿಎಸ್-6 ಪಿಕಪ್ ಇರುವವರು ಇನ್ನೂ ಜಾಗ್ರತೆ ವಹಿಸಬೇಕು. ಅವುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಇದೆ. ಅದರ ಎರಡು ಬದಿಯ ಒತ್ತಡವನ್ನು ಸೆನ್ಸರ್ ಸದಾ ಅಳೆಯುತ್ತಿರುತ್ತದೆ. ಅದಕ್ಕಿಂತ ಮುಂದಿನ ಯಾವ ಕೊಳವೆಯನ್ನೂ ಕತ್ತರಿಸಬೇಡಿ. ಡಿಪಿಎಫ್ ತಾನೇ ಅರ್ಧ ಸೈಲೆನ್ಸರ್ ಆದ್ದರಿಂದ ಅದರ ಹಿಂದೆ ಏನು ಬದಲಿಸಿದರೂ ದನಿಯಲ್ಲಿ ಸಿಗುವ ವ್ಯತ್ಯಾಸ ಬಹಳ ಸಣ್ಣದು. ನನ್ನ ಗೆಳೆಯನೊಬ್ಬ ಹೊಸ 1.9 ಲೀಟರಿನ ವಿ-ಕ್ರಾಸ್ ತಂದು ಇದೇ ಪ್ರಶ್ನೆ ಕೇಳಿದ. ಆ ದುಡ್ಡಿನಲ್ಲಿ ಬಾಗಿಲುಗಳಿಗೆ ಡ್ಯಾಂಪಿಂಗ್ ಶೀಟ್ ಅಂಟಿಸು, ಉಳಿದದ್ದಕ್ಕೆ ಒಳ್ಳೆಯ ಸ್ಪೀಕರ್ ಹಾಕು ಎಂದೆ. ಅವನಿಗೆ ನನ್ನ ಮಾತು ಹಿಡಿಸಲಿಲ್ಲ, ಅಂಗಡಿ ಹುಡುಕುತ್ತಿದ್ದಾನೆ.