ಪಾಚಿ, ಯೀಸ್ಟ್, ಅಣಬೆ: ಇವು ಗಿಡಗಳಾ?

ಮಿಷಿಗನ್ ರಾಜ್ಯದ ಲಿವೋನಿಯಾದಿಂದ ಮಾತಾಡ್ತಾ ಇದ್ದೇವೆ. ಇಲ್ಲಿನ ಅಂಗಡಿಗಳಲ್ಲಿ ಅಣಬೆ ಇಡೋದು ಸೊಪ್ಪು, ಬದನೆಕಾಯಿಗಳ ಪಕ್ಕದಲ್ಲಿ. ಊರಲ್ಲೂ ಅಷ್ಟೇ. ಪಾಚಿ, ಬೂಷ್ಟುಗಳನ್ನ ನಮ್ಮಲ್ಲಿ ಅನೇಕರು ಓದಿದ್ದು ಸಸ್ಯಶಾಸ್ತ್ರದ ಪಾಠದಲ್ಲೇ. ಹಾಗಾಗಿ ಇವೆಲ್ಲ ಒಂಥರಾ ಗಿಡಗಳೇ ಅನ್ನೋ ಭಾವನೆ ಉಳಿದುಬಿಟ್ಟಿದೆ.

ಮೊದಲು ಊಟದ ವಿಚಾರ ನೋಡೋಣ. ಗಿಡ ಬಿಸಿಲು, ನೀರು, ಇಂಗಾಲದ ಡೈಆಕ್ಸೈಡ್ ಬಳಸಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತೆ. ಅಣಬೆ, ಬೂಷ್ಟು ಸೇರಿದ ಶಿಲೀಂಧ್ರಗಳಲ್ಲಿ ಪತ್ರಹರಿತ್ತೇ ಇಲ್ಲ. ಬ್ರೆಡ್ ಮೇಲಿನ ಬೂಷ್ಟು ಕಿಣ್ವಗಳನ್ನು ಹೊರಗೆ ಸುರಿದು, ಬ್ರೆಡ್ಡನ್ನು ಅಲ್ಲೇ ಕರಗಿಸಿ ಹೀರಿಕೊಳ್ಳುತ್ತೆ. ನಾವು ತಿಂದು ಜೀರ್ಣಿಸ್ತೀವಿ, ಅದು ಜೀರ್ಣಿಸಿ ತಿನ್ನುತ್ತೆ.

ಮಿಕ್ಕ ಸಕ್ಕರೆಯನ್ನು ಗಿಡ ಪಿಷ್ಟವಾಗಿ ಕೂಡಿಡುತ್ತೆ, ಆಲೂಗಡ್ಡೆ ನೋಡಿ. ಅಣಬೆ ಕೂಡಿಡೋದು ಗ್ಲೈಕೋಜನ್, ನಮ್ಮ ಯಕೃತ್ತಿನ ಹಾಗೆ. ಗಿಡದ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಇದ್ದರೆ ಅಣಬೆಯದರಲ್ಲಿ ಕೈಟಿನ್; ಜಿರಳೆ, ಸೀಗಡಿಗಳ ಹೊರಕವಚದಲ್ಲೂ ಇರೋದು ಅದೇ. 1969ರಲ್ಲಿ ರಾಬರ್ಟ್ ವಿಟ್ಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳಿಗೆ ಪ್ರತ್ಯೇಕ ಜಾಗ ಕೊಟ್ಟರು. ಆಮೇಲೆ ಡಿಎನ್‌ಎ ಹೋಲಿಕೆಯಿಂದ ತಿಳಿದದ್ದು, ಅವು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ನೆಂಟರು ಅಂತ. (ಸಸ್ಯಾಹಾರಿಗಳು ಗಾಬರಿಯಾಗಬೇಡಿ, ಅಡುಗೆಮನೆಯ ಲೆಕ್ಕವೇ ಬೇರೆ.)

ಯೀಸ್ಟ್ ಅಂದ್ರೆ ಒಂದೇ ಕೋಶದ ಶಿಲೀಂಧ್ರ. ಪಿಜ್ಜಾ ಹಿಟ್ಟು ಉಬ್ಬೋದು ಅದು ಬಿಡೋ ಅನಿಲದಿಂದ. ಇಡ್ಲಿ ಹಿಟ್ಟಿನಲ್ಲೂ ಯೀಸ್ಟ್ ಇರಬಹುದು, ಆದರೆ ಅಲ್ಲಿ ಹೆಚ್ಚಿನ ಕೆಲಸ ಲ್ಯೂಕೊನೊಸ್ಟಾಕ್ ಅನ್ನೋ ಬ್ಯಾಕ್ಟೀರಿಯಾದ್ದು. ಇಲ್ಲಿ ಜನವರಿಯಲ್ಲಿ ಲೈಟ್ ಹಾಕಿದ ಓವನ್ ಒಳಗೆ ಹಿಟ್ಟು ಇಡ್ತೀವಲ್ಲ, ಅದು ಆ ಬ್ಯಾಕ್ಟೀರಿಯಾಕ್ಕೆ ಚಳಿಯಾಗದಿರಲಿ ಅಂತ.

ಈ ನೆಂಟಸ್ತಿಕೆ ಕಷ್ಟಕ್ಕೆ ಬರೋದು ಕಾಯಿಲೆಯಲ್ಲಿ. 2023ರಲ್ಲಿ ನಮ್ಮದೇ ರಾಜ್ಯದ ಉತ್ತರಕ್ಕೆ, ಎಸ್ಕನಾಬಾದ ಒಂದು ಕಾಗದದ ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ದ ನೂರಕ್ಕೂ ಹೆಚ್ಚು ಜನರಿಗೆ ಬ್ಲಾಸ್ಟೊಮೈಕೋಸಿಸ್ ಬಂತು. ಒಬ್ಬರು ತೀರಿಕೊಂಡರು. ಕಾರಣ ಬ್ಲಾಸ್ಟೊಮೈಸೀಸ್ ಶಿಲೀಂಧ್ರ. ಒದ್ದೆ ಮಣ್ಣು, ಕೊಳೆತ ಮರದಲ್ಲಿ ಅದು ಬೂಷ್ಟಿನ ಹಾಗೆ ಎಳೆ ಎಳೆಯಾಗಿ ಬೆಳೆಯುತ್ತೆ. ಅದರ ಬೀಜಕಣ ಉಸಿರಿನ ಜೊತೆ ಒಳಗೆ ಹೋಯ್ತು ಅನ್ನಿ, ಮೈಯ ಬಿಸಿಗೆ ರೂಪ ಬದಲಿಸಿ ಯೀಸ್ಟ್ ಆಗಿಬಿಡುತ್ತೆ!

ಲಕ್ಷಣಗಳು ಜ್ವರ, ಕೆಮ್ಮು. ನ್ಯುಮೋನಿಯಾ ಅಂತ ಆಂಟಿಬಯಾಟಿಕ್ ಕೊಡೋದುಂಟು, ಆದರೆ ಅದು ನಾಟೋದಿಲ್ಲ. ಪೆನಿಸಿಲಿನ್ ಕೆಡಿಸೋದು ಬ್ಯಾಕ್ಟೀರಿಯಾದ ಗೋಡೆಯನ್ನ. ಆ ಥರದ ಗೋಡೆ ನಮ್ಮಲ್ಲೂ ಇಲ್ಲ, ಶಿಲೀಂಧ್ರದಲ್ಲೂ ಇಲ್ಲ. ಶಿಲೀಂಧ್ರವನ್ನು ಕೊಲ್ಲಬೇಕು, ನಮ್ಮ ಕೋಶಕ್ಕೆ ಏಟು ಬೀಳಬಾರದು ಅಂದ್ರೆ ಗುರಿಯಿಡೋಕೆ ಸಿಗೋ ವ್ಯತ್ಯಾಸಗಳೇ ಕಮ್ಮಿ. ಒಂದು ಸಿಕ್ಕಿದೆ: ನಮ್ಮ ಕೋಶಪೊರೆಯಲ್ಲಿ ಕೊಲೆಸ್ಟರಾಲ್, ಅವುಗಳದ್ದರಲ್ಲಿ ಎರ್ಗೊಸ್ಟೆರಾಲ್. ಆಂಫೊಟೆರಿಸಿನ್-ಬಿ ಹಿಡಿಯೋದು ಈ ಎರ್ಗೊಸ್ಟೆರಾಲನ್ನ. ಎರಡೂ ಹೋಲುವ ಅಣುಗಳಾದ್ದರಿಂದ ನಮ್ಮ ಕೋಶಗಳನ್ನೂ ಅದು ಪೂರ್ತಿ ಬಿಡೋದಿಲ್ಲ, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. 2021ರಲ್ಲಿ ಕರ್ನಾಟಕದಲ್ಲಿ ‘ಕಪ್ಪು ಶಿಲೀಂಧ್ರ’ ಬಂದಾಗ ಮನೆಯವರು ಅಲೆದಾಡಿದ್ದು ಇದೇ ಔಷಧಿಗೆ. ಮಹಾ ಸರೋವರಗಳ ಸುತ್ತಲಿನ ಕೇಳುಗರೇ, ಆಂಟಿಬಯಾಟಿಕ್ ಮುಗಿಸಿದರೂ ಕೆಮ್ಮು ಬಿಡದಿದ್ದರೆ ಶಿಲೀಂಧ್ರದ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ.

ಇನ್ನು ಪಾಚಿ. ಕನ್ನಡದಲ್ಲಿ ಈ ಪದ ತುಂಬಾ ಧಾರಾಳಿ. ಮಲೆನಾಡಿನ ಗೋಡೆ ಮೇಲಿನ ಹಸಿರು ಮಖಮಲ್ಲಿಗೂ ಪಾಚಿ ಅಂತೀವಿ. ಅದು ನಿಜವಾಗಿ ಗಿಡಗಳ ಗುಂಪಿನದೇ. ಕೆರೆಯ ಹಸಿರು ಪಾಚಿ ಗಿಡಗಳ ದಾಯಾದಿ. ಸಮುದ್ರದ ಕಂದು ಪಾಚಿ ಬಲು ದೂರದ್ದು. ‘ನೀಲಿ-ಹಸಿರು ಪಾಚಿ’ಯಂತೂ ಕೋಶಕೇಂದ್ರವೇ ಇಲ್ಲದ ಬ್ಯಾಕ್ಟೀರಿಯಾ, ಆದರೂ ಬಿಸಿಲಲ್ಲಿ ಅಡುಗೆ ಮಾಡಿಕೊಳ್ಳುತ್ತೆ.

ಇಲ್ಲಿಂದ ಸುಮಾರು ಒಂದು ಗಂಟೆ ಡ್ರೈವ್ ದೂರದ ಟೊಲೀಡೊದಲ್ಲಿ 2014ರ ಆಗಸ್ಟ್ 2ರಂದು ನಲ್ಲಿ ನೀರು ಕುಡಿಯಬೇಡಿ ಅಂತ ಸೂಚನೆ ಬಂತು. ಈರೀ ಸರೋವರದಲ್ಲಿ ಮೈಕ್ರೊಸಿಸ್ಟಿಸ್ ಅನ್ನೋ ನೀಲಿ-ಹಸಿರು ಪಾಚಿ ವಿಪರೀತ ಬೆಳೆದಿತ್ತು. ಯಕೃತ್ತಿಗೆ ಹಾನಿ ಮಾಡೋ ಅದರ ವಿಷ ನೀರಿಗೆ ಸೇರಿತ್ತು. ಸುಮಾರು 4 ಲಕ್ಷ ಜನ ಬಾಟಲಿ ನೀರಿಗೆ ಸಾಲು ನಿಂತರು. ಕಾಯಿಸಿ ಕುಡಿದರಾಯ್ತು ಅಂತ ನಮ್ಮ ಮನೆಗಳಲ್ಲಿ ಹೇಳೋ ಮಾತು ಇಲ್ಲಿ ತಿರುಗುಬಾಣ. ಕುದಿಸಿದರೆ ಕೋಶ ಒಡೆದು ಒಳಗಿನ ವಿಷವೂ ಹೊರಬೀಳುತ್ತೆ, ನೀರು ಆವಿಯಾಗಿ ವಿಷ ಇನ್ನೂ ಗಟ್ಟಿಯಾಗುತ್ತೆ. ಸರೋವರದ ನೀರು ಹಸಿರು ಪೇಂಟ್ ಚೆಲ್ಲಿದ ಹಾಗೆ ಕಂಡರೆ ಮಕ್ಕಳನ್ನೂ ನಾಯಿಯನ್ನೂ ಇಳಿಸಬೇಡಿ.